ಜರ್ಮನಿಯಲ್ಲಿ ಒಂದು ವರ್ಷ ಇದ್ದು ಬಂದ ಮೇಲೆ

ಪ್ರಶ್ನೆ: ನನಗೆ 24 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಶಿವಮೊಗ್ಗದಲ್ಲಿ ಬಿ.ಎಸ್‌ಸಿ. ಮುಗಿಸಿ, ಬೆಂಗಳೂರಿನಲ್ಲಿ ಬಿ1 ಹಂತದವರೆಗೆ (ದಿನಬಳಕೆಗೆ ಸಾಕಾಗುವ ಮಧ್ಯಮ ಮಟ್ಟ) ಜರ್ಮನ್ ಕಲಿತು, ಒಂದು ವರ್ಷದ ಸ್ವಯಂಸೇವಾ ಯೋಜನೆಯಡಿ ಜರ್ಮನಿಯ ಹೆಸ್ಸೆನ್ ರಾಜ್ಯದ ಸಣ್ಣ ಊರೊಂದರ ವೃದ್ಧಾಶ್ರಮದಲ್ಲಿದ್ದು ಬಂದೆ. ಖರ್ಚಿಗೆ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದ್ದರು. ಬಂದು ನಾಲ್ಕು ತಿಂಗಳಾಯಿತು. ಈಗ ನನ್ನ ಮನೆಯಲ್ಲೇ ನಾನು ಹೊರಗಿನವಳಂತೆ ಇದ್ದೇನೆ. ಅಮ್ಮ ಕಾಫಿ ಕೊಟ್ಟಾಗ ಥ್ಯಾಂಕ್ಸ್ ಎಂದರೆ ‘ನಾನೇನು ಹೊರಗಿನವಳಾ’ ಎಂದು ಬೇಸರ ಮಾಡಿಕೊಳ್ಳುತ್ತಾರೆ. ನೆಂಟರು ಎಷ್ಟು ದುಡ್ಡು ತಂದೆ ಎಂದು ಕೇಳುತ್ತಾರೆ. ಅಲ್ಲಿ ಮುದುಕರಿಗೆ ಸ್ನಾನ ಮಾಡಿಸುತ್ತಿದ್ದೆ ಎಂದು ಹೇಳಬೇಡ, ಆಸ್ಪತ್ರೆಯಲ್ಲಿ ಟ್ರೈನಿಂಗ್ ಎಂದು ಹೇಳು ಎನ್ನುತ್ತಾರೆ ಅಪ್ಪ. ಹಾಸಿಗೆ ಹಿಡಿದಿರುವ ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸುವ ರೀತಿ ತೋರಿಸಲು ಹೋದರೆ, ‘ಜರ್ಮನಿಯಿಂದ ಬಂದು ನಮಗೆ ಹೇಳಿಕೊಡ್ತಾಳೆ’ ಎಂದರು ಅತ್ತೆ. ಬೆಂಗಳೂರಿನ ಇಂಟರ್‌ವ್ಯೂ ಒಂದರಲ್ಲಿ ಆ ಒಂದು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳದೆ ಮುಂದಿನ ಪ್ರಶ್ನೆಗೆ ಹೋದರು. ಮನೆಯಲ್ಲಿ ಗಂಡು ನೋಡುವ ಮಾತೂ ಶುರುವಾಗಿದೆ. ಆ ವರ್ಷ ವ್ಯರ್ಥವಾಯಿತೇ? ನರ್ಸಿಂಗ್ ತರಬೇತಿಗೆಂದು ಮತ್ತೆ ಜರ್ಮನಿಗೇ ಹೋಗಿಬಿಡಲೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಬದಿಗಿಡುತ್ತೇನೆ. ಮತ್ತೆ ಹೋಗಬೇಕೇ ಬೇಡವೇ ಎಂಬುದನ್ನು ಈಗಿನ ಮನಃಸ್ಥಿತಿಯಲ್ಲಿ ತೀರ್ಮಾನಿಸಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹೋಗುವುದು ತಪ್ಪೆಂದಲ್ಲ. ಇವತ್ತು ನೀವು ಹೊರಟರೆ ಆ ಹೊರಡುವಿಕೆ ಯಾವುದರ ಕಡೆಗೆ, ಯಾವುದರಿಂದ ದೂರಕ್ಕೆ ಎಂಬುದು ನಿಮಗೇ ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ನಿಮ್ಮ ಪತ್ರದಲ್ಲಿ ಒಂದರೊಳಗೊಂದು ಸಿಕ್ಕಿಕೊಂಡಿರುವ ಸಂಕಟಗಳನ್ನು ಬಿಡಿಸಿ ನೋಡಬೇಕು.

ಪರದೇಶಕ್ಕೆ ಹೋದವರಿಗೆ ಅಲ್ಲಿ ಆಗುವ ಕಸಿವಿಸಿಯ ಬಗ್ಗೆ ಎಲ್ಲರಿಗೂ ಗೊತ್ತು. ಕಾಲೆರ್ವೋ ಓಬರ್ಗ್ ಎಂಬ ಮಾನವಶಾಸ್ತ್ರಜ್ಞ 1954ರಲ್ಲಿ ರಿಯೋ ಡಿ ಜನೈರೋ ನಗರದಲ್ಲಿ ಮಾಡಿದ ಭಾಷಣದಿಂದ ‘ಕಲ್ಚರ್ ಶಾಕ್’ ಎಂಬ ಮಾತು ಪ್ರಚಾರಕ್ಕೆ ಬಂತು. ಮರುವರ್ಷ ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್‌ಗಾರ್ಡ್, ಫುಲ್‌ಬ್ರೈಟ್ ಎಂಬ ವಿದ್ಯಾರ್ಥಿವೇತನ ಯೋಜನೆಯಡಿ ಅಮೆರಿಕಕ್ಕೆ ಹೋಗಿಬಂದ 200 ಮಂದಿಯನ್ನು ಮಾತನಾಡಿಸಿ, ಹೊಸ ದೇಶದಲ್ಲಿ ಮನಸ್ಸು ಮೊದಲು ಹಿಗ್ಗಿನಲ್ಲಿದ್ದು, ನಡುವೆ ಕುಸಿದು, ಆಮೇಲೆ ಚೇತರಿಸಿಕೊಳ್ಳುತ್ತದೆ ಎಂದು ಬರೆದರು. 1963ರಲ್ಲಿ ಅಮೆರಿಕದ ಸಂಶೋಧಕರಾದ ಗಲ್ಲಾಹಾರ್ನ್ ದಂಪತಿಗಳು ಇದಕ್ಕೆ ಇನ್ನೊಂದು ಇಳಿಜಾರನ್ನು ಸೇರಿಸಿದರು: ಊರಿಗೆ ಮರಳಿದ ಮೇಲೆ ಅದೇ ಕುಸಿತ ಮತ್ತೊಮ್ಮೆ ಬರುತ್ತದೆ, ಆದ್ದರಿಂದ ಇಡೀ ಅನುಭವದ ಆಕಾರ ಇಂಗ್ಲಿಷಿನ ‘ಡಬ್ಲ್ಯು’ ಅಕ್ಷರದಂತೆ ಇರುತ್ತದೆ ಎಂದರು. ಎಲ್ಲರ ಅನುಭವವೂ ಇಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ, ಹಲವರಿಗೆ ಮೊದಲ ಹಿಗ್ಗೇ ಇರುವುದಿಲ್ಲ ಎಂದು ನಂತರದ ಸಂಶೋಧಕರು ಈ ಚಿತ್ರವನ್ನು ಸಾಕಷ್ಟು ಟೀಕಿಸಿದ್ದಾರೆ. ನನಗೂ ಆ ಟೀಕೆ ಸರಿಯೆನಿಸುತ್ತದೆ. ಆದರೂ ಮರಳಿದ ಮೇಲಿನ ಕುಸಿತ ಕಲ್ಪನೆಯಲ್ಲ, ನಿಮ್ಮೊಬ್ಬರ ದೌರ್ಬಲ್ಯವೂ ಅಲ್ಲ ಎಂಬಷ್ಟಕ್ಕೆ ಇದು ಸಾಕು.

ಇದಕ್ಕಿಂತ ನಿಮ್ಮ ಸ್ಥಿತಿಗೆ ಹತ್ತಿರವಾದ ಮಾತನ್ನು ಹೇಳಿದವರು ಸಮಾಜಶಾಸ್ತ್ರಜ್ಞ ಆಲ್‌ಫ್ರೆಡ್ ಶುಟ್ಸ್. ವಿಯೆನ್ನಾದಲ್ಲಿ ಹುಟ್ಟಿ ನಾಜಿಗಳ ಕಾಲದಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದ ಇವರು, ಯುದ್ಧದಿಂದ ಮನೆಗೆ ಮರಳುವ ಸೈನಿಕರನ್ನು ಕುರಿತು 1945ರಲ್ಲಿ ಬರೆದರು. ಅವರ ವಿಚಾರದ ತಿರುಳು ಹೀಗಿದೆ. ಪರಸ್ಥಳಕ್ಕೆ ಹೋಗುವವನು ತನಗೆ ಅಲ್ಲಿ ಏನೂ ಗೊತ್ತಿಲ್ಲವೆಂದು ತಿಳಿದೇ ಹೋಗುತ್ತಾನೆ. ಮನೆಗೆ ಮರಳುವವನಾದರೋ ತನಗೆ ಎಲ್ಲವೂ ಗೊತ್ತು, ನೆನಪಿನಲ್ಲಿರುವುದನ್ನು ಹಾಗೇ ಮುಂದುವರಿಸಿದರಾಯಿತು ಎಂದುಕೊಂಡು ಬರುತ್ತಾನೆ. ಮನೆಯವರೂ ಹೋದವನೇ ತಿರುಗಿ ಬರುತ್ತಾನೆ ಎಂದು ಕಾದಿರುತ್ತಾರೆ. ಎರಡು ಕಡೆಯ ನಿರೀಕ್ಷೆಯೂ ಒಂದೇ ದಿನ ಮುರಿಯುತ್ತದೆ, ಮುರಿದದ್ದು ಏನೆಂದು ಯಾರಿಗೂ ಹೆಸರಿಸಲು ಬರುವುದಿಲ್ಲ. ನಿಮ್ಮ ತಾಯಿಯವರಿಗೆ ಥ್ಯಾಂಕ್ಸ್ ಕೇಳಿಸಿದ್ದು ಇಂಥ ಮುರಿತದ ಸದ್ದಾಗಿ. ಹೆಸ್ಸೆನ್‌ನ ಆ ಮನೆಯಲ್ಲಿ ಉಪ್ಪಿನ ಡಬ್ಬಿ ದಾಟಿಸಿದರೂ ಧನ್ಯವಾದ ಹೇಳದಿದ್ದರೆ ಒರಟುತನ. ನಮ್ಮಲ್ಲಿ ತಾಯಿಗೆ ಅದನ್ನು ಹೇಳಿದರೆ ಲೆಕ್ಕ ಚುಕ್ತಾ ಮಾಡಿದಂತೆ. ನಿಮ್ಮ ನಾಲಗೆ ಇನ್ನೂ ಅಲ್ಲಿಯ ಅಭ್ಯಾಸದಲ್ಲಿದೆ, ಅಷ್ಟೆ. ಈ ಬಗೆಯ ಸಣ್ಣ ಎಡವಟ್ಟುಗಳಿಗೆ ಔಷಧಿ ಬೇಕಿಲ್ಲ, ಅವು ತಾವಾಗಿ ಹೋಗುತ್ತವೆ. ಇನ್ನು ಕೆಲವು ತಿಂಗಳಲ್ಲಿ ಹೋಗಿದ್ದೇ ನಿಮಗೆ ಗೊತ್ತಾಗುವುದಿಲ್ಲ.

ತಾವಾಗಿ ಹೋಗದೆ ಉಳಿಯುವಂಥದ್ದು ಬೇರೆ ಇದೆ. ನಿಮ್ಮ ಆ ವರ್ಷದ ವೃತ್ತಾಂತವನ್ನು ಈ ನಾಲ್ಕು ತಿಂಗಳಲ್ಲಿ ಯಾರೂ ಕೇಳಿಲ್ಲ. ದುಡ್ಡಿನ ಬಗ್ಗೆ ಕೇಳಿದ್ದಾರೆ, ಮದುವೆಯ ಬಗ್ಗೆ ಕೇಳಿದ್ದಾರೆ, ಇಂಟರ್‌ವ್ಯೂನಲ್ಲಿ ಔಪಚಾರಿಕವಾಗಿ ಕೇಳಿದ್ದಾರೆ. ಅಲ್ಲಿ ಬೆಳಿಗ್ಗೆ ಆರು ಗಂಟೆಯ ಪಾಳಿಗೆ ಹೋಗಿ ನೀವು ಏನು ಮಾಡುತ್ತಿದ್ದಿರಿ, ಯಾರ ಜೊತೆ ಮಾತನಾಡುತ್ತಿದ್ದಿರಿ, ಯಾವುದು ಕಷ್ಟವಾಗಿತ್ತು ಎಂದು ಯಾರೂ ಕೂತು ಕೇಳಿಲ್ಲ. ಇದು ನಿಮ್ಮ ಮನೆಯವರ ಪ್ರೀತಿಯ ಕೊರತೆಯಲ್ಲ. ಓದು ಮತ್ತು ಕೆಲಸದ ನಡುವೆ ಒಂದು ವರ್ಷವನ್ನು ಹೀಗೆ ಕಳೆಯುವುದಕ್ಕೆ ನಮ್ಮಲ್ಲಿ ರೂಢಿಯೇ ಇಲ್ಲ. ಆದ್ದರಿಂದ ಹಾಗೆ ಹೋಗಿ ಬಂದವರನ್ನು ಏನು ಕೇಳಬೇಕೆಂಬ ರೂಢಿಯೂ ಇಲ್ಲ.

ಜರ್ಮನಿಯಲ್ಲಿ ಅದು ಇದೆ. ನೀವು ಮಾಡಿದ ಬಗೆಯ ಸಾಮಾಜಿಕ ಸೇವಾ ವರ್ಷಕ್ಕೆ ಅಲ್ಲಿ 1964ರಿಂದ ಕಾನೂನಿನ ಆಸರೆಯಿದೆ. 2011ರಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ನಿಲ್ಲಿಸಿದಾಗ, ಅದರ ಬದಲು ನಾಗರಿಕ ಸೇವೆಗೆಂದು ಬರುತ್ತಿದ್ದ ತರುಣರ ಜಾಗ ತುಂಬಲು ಒಕ್ಕೂಟ ಸರ್ಕಾರವೇ ಆ ವರ್ಷದ ಜುಲೈ 1ರಿಂದ ಮತ್ತೊಂದು ಸ್ವಯಂಸೇವಾ ಯೋಜನೆಯನ್ನು ತೆರೆಯಿತು. ಅಲ್ಲಿನ ಹದಿನೆಂಟು, ಹತ್ತೊಂಬತ್ತರ ಹುಡುಗ ಹುಡುಗಿಯರಿಗೆ ಇದು ಶಾಲೆ ಮುಗಿದ ಮೇಲಿನ ಸಹಜವಾದ ಒಂದು ಮೆಟ್ಟಿಲು. ಹನ್ನೆರಡು ತಿಂಗಳ ಸೇವೆಯಲ್ಲಿ 25 ದಿನ ಕಡ್ಡಾಯವಾಗಿ ಸೆಮಿನಾರಿನಲ್ಲಿ ಕೂರಿಸುವುದು ನಿಮಗೆ ಗೊತ್ತೇ ಇದೆ. 2008ರಲ್ಲಿ ಆರಂಭವಾದ ‘ವೆಲ್ಟ್‌ವೆರ್ಟ್ಸ್’ ಎಂಬ ಇನ್ನೊಂದು ಯೋಜನೆಯಡಿ ಜರ್ಮನ್ ತರುಣರು ಭಾರತಕ್ಕೂ ಬರುತ್ತಾರೆ. ಅವರು ತಮ್ಮ ದೇಶಕ್ಕೆ ಮರಳಿದ ಮೇಲೆ ಮತ್ತೆ ಕೆಲವು ದಿನ ಒಟ್ಟಿಗೆ ಸೇರಿ, ಏನು ಕಂಡೆವು, ಈಗ ಏನಾಗುತ್ತಿದೆ ಎಂದು ಮಾತನಾಡುವ ಶಿಬಿರ ಆ ಯೋಜನೆಯ ಭಾಗವೇ ಆಗಿದೆ. ಅಂದರೆ ಮರಳುವುದನ್ನೂ ಅವರು ಸೇವೆಯ ಅವಧಿಯೊಳಗೇ ಲೆಕ್ಕ ಹಿಡಿದಿದ್ದಾರೆ. ನಿಮ್ಮನ್ನಾದರೋ ವಿಮಾನ ಹತ್ತಿಸಿದಲ್ಲಿಗೆ ಅವರ ಜವಾಬ್ದಾರಿ ಮುಗಿಯಿತು, ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮನೆಗೆ ಕರೆತಂದಲ್ಲಿಗೆ ನಿಮ್ಮ ಮನೆಯವರ ಜವಾಬ್ದಾರಿ ಮುಗಿಯಿತು.

ನಮ್ಮಲ್ಲಿ ಇಂಥದ್ದು ಯಾವತ್ತೂ ಇರಲಿಲ್ಲ ಎಂದೇನೂ ಅಲ್ಲ. ಕಾಶಿಗೆ ಹೋಗಿಬಂದವರು ಗಂಗಾ ಸಮಾರಾಧನೆ ಮಾಡುತ್ತಾರೆ. ತಂದ ಗಂಗೆಯನ್ನು ಪೂಜಿಸಿ, ನೆಂಟರಿಷ್ಟರನ್ನು ಕರೆದು ಊಟ ಹಾಕುತ್ತಾರೆ. ಆ ಊಟದ ಪಂಕ್ತಿಯಲ್ಲಿ, ಎಲೆ ಅಡಿಕೆಯ ಹೊತ್ತಿನಲ್ಲಿ, ರೈಲಿನಲ್ಲಿ ಏನಾಯಿತು, ಗಯಾದಲ್ಲಿ ಪಂಡರು ಎಷ್ಟು ಕೇಳಿದರು, ಚಳಿ ಹೇಗಿತ್ತು ಎಂಬ ಕಥೆಯೆಲ್ಲ ತಾನಾಗಿ ಹೊರಬರುತ್ತದೆ. ಹೋಗಿಬಂದವರಿಗೆ ಹೇಳುವ ಹಕ್ಕು, ಊರಿನಲ್ಲಿದ್ದವರಿಗೆ ಕೇಳುವ ಕರ್ತವ್ಯ ಎರಡೂ ಆ ಒಂದು ದಿನದಲ್ಲಿ ಸಲ್ಲುತ್ತವೆ, ಮರುದಿನದಿಂದ ಅವರು ಮತ್ತೆ ಊರಿನವರೇ. ನಿಮ್ಮ ವರ್ಷಕ್ಕೆ ಅಂಥ ಸಮಾರಾಧನೆ ಆಗಿಲ್ಲ. ಅದನ್ನು ಬೇರೆಯವರು ಮಾಡುವುದಿಲ್ಲವಾದ್ದರಿಂದ ನೀವೇ ಮಾಡಿಕೊಳ್ಳಬೇಕು. ನನ್ನ ಸಲಹೆಯೆಲ್ಲ ಹೆಚ್ಚುಕಡಿಮೆ ಇಷ್ಟೇ: ಆ ವರ್ಷದ ಲೆಕ್ಕವನ್ನು ಅದು ಒಪ್ಪಿಸಬೇಕಾದವರಿಗೆಲ್ಲ, ಒಬ್ಬೊಬ್ಬರಿಗೆ ಅರ್ಥವಾಗುವ ರೀತಿಯಲ್ಲಿ ಒಪ್ಪಿಸಿ. ಮುಂದಿನ ತೀರ್ಮಾನ ಅದಾದ ಮೇಲೆ.

ಮನೆಯಿಂದಲೇ ಆರಂಭಿಸೋಣ, ಏಕೆಂದರೆ ಕಷ್ಟವಿರುವುದು ಅಲ್ಲೇ. ‘ಅಲ್ಲಿ ಹೀಗಿರಲಿಲ್ಲ’, ‘ಜರ್ಮನಿಯಲ್ಲಾದರೆ’ ಎಂದು ಶುರುವಾಗುವ ವಾಕ್ಯಗಳನ್ನು ಸ್ವಲ್ಪ ದಿನ ಬಾಯಿಗೆ ತರಬೇಡಿ. ನೀವು ಹೇಳುವುದು ನಿಜವೇ ಇರಬಹುದು, ಆದರೆ ಕೇಳುವವರಿಗೆ ಅದು ವರದಿಯಾಗಿ ಕೇಳಿಸುವುದಿಲ್ಲ, ತೀರ್ಪಾಗಿ ಕೇಳಿಸುತ್ತದೆ. ನಿಮ್ಮ ಅತ್ತೆಯ ಮಾತಿನಲ್ಲಿದ್ದ ಚುಚ್ಚು ಅದರದೇ. ಇಷ್ಟು ವರ್ಷ ಅಜ್ಜಿಯನ್ನು ನೋಡಿಕೊಂಡು ಬಂದವರು ಅವರು ಮತ್ತು ನಿಮ್ಮ ತಾಯಿ. ಒಂದು ವರ್ಷ ಹೊರಗಿದ್ದು ಬಂದವಳು ಅವರ ಕೈಗೆಲಸವನ್ನು ತಿದ್ದಲು ನಿಂತರೆ ಯಾರಿಗಾದರೂ ಸಿಟ್ಟು ಬಂದೀತು.

ಆದರೆ ನಿಮಗೆ ಗೊತ್ತಿರುವ ಕೆಲಸ ದೊಡ್ಡದು, ಅದನ್ನು ಬಿಡಬೇಡಿ. ಹಾಸಿಗೆ ಹಿಡಿದವರಿಗೆ ಬರುವ ಒತ್ತುಹುಣ್ಣನ್ನು ತಡೆಯುವ ವಿಧಾನಕ್ಕೆ ಜರ್ಮನಿಯ ನರ್ಸಿಂಗ್ ವಲಯ 2000ನೇ ಇಸವಿಯಲ್ಲೇ ರಾಷ್ಟ್ರಮಟ್ಟದ ಮಾನದಂಡ ರೂಪಿಸಿತು. ನೀವು ಅಲ್ಲಿ ದಿನವೂ ನೋಡಿದ್ದು ಅದರ ಆಚರಣೆಯನ್ನೇ. ಹೊರಳಿಸುವ ಮೊದಲು ಅವರ ಹೆಸರು ಹಿಡಿದು ಕರೆದು, ಈಗ ಈ ಕಡೆಗೆ ತಿರುಗಿಸುತ್ತೇನೆ ಎಂದು ಹೇಳಿ, ಆಮೇಲೆ ಮುಟ್ಟುವುದು. ತೋಳು ಹಿಡಿದು ಎಳೆಯದೆ, ಆಚೆ ಬದಿಯ ಮಂಡಿಯನ್ನು ಮಡಿಸಿ, ಭುಜಕ್ಕೂ ಸೊಂಟಕ್ಕೂ ಕೈಕೊಟ್ಟು, ಮೈಯೆಲ್ಲ ಒಟ್ಟಿಗೆ ತಮ್ಮ ಕಡೆಗೆ ಹೊರಳಿಸಿಕೊಳ್ಳುವುದು. ಪೂರ್ತಿ ಮಗ್ಗುಲಾಗಿಸಿದರೆ ಸೊಂಟದ ಮೂಳೆಯ ಮೇಲೆಯೇ ಭಾರ ಬೀಳುವುದರಿಂದ, ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟೇ ವಾಲಿಸುವುದು. ಮೀನಖಂಡದ ಕೆಳಗೆ ಮಡಿಸಿದ ಕಂಬಳಿಯಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳುವುದು. ಇದಕ್ಕೆ ಯಾವ ಯಂತ್ರವೂ ಬೇಡ, ಮನೆಯಲ್ಲಿರುವ ಹಳೆಯ ಸೀರೆ, ದಿಂಬು ಸಾಕು. ಹಾಗಾಗಿ ತೋರಿಸಿಕೊಡುವುದನ್ನು ಬಿಟ್ಟು ಅಜ್ಜಿಯ ರಾತ್ರಿಯ ಪಾಳಿಯನ್ನು ನೀವೇ ವಹಿಸಿಕೊಳ್ಳಿ. ಅತ್ತೆಗೆ ನಿದ್ದೆ ಸಿಗುತ್ತದೆ. ಅಜ್ಜಿಯ ಬೆನ್ನಿನ ಕೆಂಪು ಇಳಿದದ್ದನ್ನು ಒಂದು ಬೆಳಿಗ್ಗೆ ಅವರೇ ನೋಡಿ ‘ಅದು ಹೇಗೆ ಮಾಡ್ತೀಯೆ’ ಎಂದು ಕೇಳುವವರೆಗೆ ಬಾಯಿ ಬಿಡಬೇಡಿ. ಕೇಳದೆಯೂ ಇರಬಹುದು, ಆಗಲೂ ಅಜ್ಜಿಗೆ ನಷ್ಟವೇನಿಲ್ಲ. ಒಂದು ಎಚ್ಚರಿಕೆ: ಒತ್ತಿದಾಗಲೂ ಬಿಳುಪಾಗದ ಕೆಂಪು, ಅಥವಾ ಸುಲಿದ ಚರ್ಮ ಕಂಡರೆ ಅದನ್ನು ನೀವೇ ನಿಭಾಯಿಸಲು ಹೋಗದೆ ವೈದ್ಯರಿಗೆ ತೋರಿಸಿ.

ಇನ್ನು ನಿಮ್ಮ ತಂದೆಯವರ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಇದೇ. ಮುದುಕರಿಗೆ ಸ್ನಾನ ಮಾಡಿಸಿದ್ದನ್ನು ಹೇಳಬೇಡ ಎನ್ನುವಾಗ ಅವರು ನಾಚಿಕೊಳ್ಳುತ್ತಿರುವುದು ನಿಮ್ಮ ಬಗ್ಗೆ ಅಲ್ಲ. ಮಲಮೂತ್ರ ಮುಟ್ಟುವ ಕೆಲಸ ಯಾರದೆಂದು ನಮ್ಮ ಸಮಾಜ ತಲೆತಲಾಂತರದಿಂದ ಹಂಚಿಟ್ಟಿದೆ. ತನ್ನ ಮನೆಯ ಹಿರಿಯರಿಗೆ ಮಾಡಿದರೆ ಅದು ಸೇವೆ, ಪುಣ್ಯ. ಪರರಿಗೆ ಸಂಬಳಕ್ಕೆ ಮಾಡಿದರೆ ಕೀಳು. ಸಾಲ ಮಾಡಿ ಮಗಳನ್ನು ವಿದೇಶಕ್ಕೆ ಕಳಿಸಿದವರಿಗೆ ಊರಿನವರು ‘ಇದಕ್ಕೋಸ್ಕರ ಅಲ್ಲಿಗೆ ಕಳಿಸಿದೆಯಾ’ ಎಂದು ಕೇಳುವ ಭಯ ಇದ್ದೇ ಇರುತ್ತದೆ. ಅವರನ್ನು ನಾನು ದೂರುವುದಿಲ್ಲ, ಆದರೆ ಅವರ ಮಾತನ್ನು ನೀವು ಪಾಲಿಸಬೇಕೆಂದೂ ಹೇಳುವುದಿಲ್ಲ. ಸುಳ್ಳು ಹೇಳಿಕೊಂಡು ಬದುಕಬೇಕಾದ ವರ್ಷ ನಿಮ್ಮ ಮೈಗೆ ಅಂಟುವುದಿಲ್ಲ. ‘ವ್ಯರ್ಥವಾಯಿತೇ’ ಎಂಬ ನಿಮ್ಮ ಪ್ರಶ್ನೆಯ ಬೇರು ನನಗೆ ಕಾಣಿಸುವುದು ಇಲ್ಲಿಯೇ. ಊರಿನವರಿಗೆಲ್ಲ ಸಾರಬೇಕಾಗಿಲ್ಲ. ತಂದೆಯವರು ಒಬ್ಬರೇ ಇದ್ದಾಗ, ತೋಟದಲ್ಲೋ ಬಸ್ಸಿನಲ್ಲೋ, ಅಲ್ಲಿನ ಒಬ್ಬ ವೃದ್ಧರ ಕಥೆಯನ್ನು ಪೂರ್ತಿಯಾಗಿ ಹೇಳಿ. ಒಟ್ಟಾರೆ ಜರ್ಮನಿಯ ಬಗ್ಗೆ ಹೇಳಬೇಡಿ, ಒಬ್ಬ ವ್ಯಕ್ತಿಯ ಬಗ್ಗೆ ಹೇಳಿ. ಅಲ್ಲಿನ ಮರೆವಿನ ಕಾಯಿಲೆಯ ವಿಭಾಗಗಳಲ್ಲಿ ಪ್ರತಿಯೊಬ್ಬರ ಜೀವನ ವಿವರದ ಹಾಳೆಯೊಂದನ್ನು ಇಟ್ಟಿರುತ್ತಾರಲ್ಲ, ಯಾವ ಊರು, ಏನು ಕೆಲಸ ಮಾಡುತ್ತಿದ್ದರು, ಯಾವ ಹಾಡು ಇಷ್ಟ, ಯುದ್ಧದಲ್ಲಿ ಯಾರನ್ನು ಕಳೆದುಕೊಂಡರು ಎಂದೆಲ್ಲ, ಅದರಿಂದಲೇ ಶುರುಮಾಡಿ. ಕೃಷಿಕನಾಗಿದ್ದ ಒಬ್ಬ ಮುದುಕ ಬೆಳಿಗ್ಗೆ ಹಸುವಿನ ಹಾಲು ಕರೆಯಬೇಕೆಂದು ಎದ್ದು ಹೊರಡುತ್ತಿದ್ದ ಎಂಬಂಥ ಸಂಗತಿ ನಿಮ್ಮ ತಂದೆಯವರಿಗೆ ಅರ್ಥವಾಗದೆ ಇರುವುದಿಲ್ಲ.

ಸಾಲದ ವಿಷಯವನ್ನು ಮಾತ್ರ ಕಥೆಯಿಂದ ತೀರಿಸಲಾಗದು. ಸ್ವಯಂಸೇವಕರಿಗೆ ಸಂಬಳವಿಲ್ಲ, ಊಟ ವಸತಿಯ ಜೊತೆಗೆ ಕೈಖರ್ಚಿನ ಹಣವಷ್ಟೇ ಸಿಗುತ್ತದೆ ಎಂಬುದು ನಿಮ್ಮ ನೆಂಟರಿಗೆ ಗೊತ್ತಿಲ್ಲ. ಅವರಿಗೆ ವಿವರಿಸುವ ಅಗತ್ಯವೂ ಇಲ್ಲ. ಆದರೆ ತಂದೆಯವರ ಜೊತೆ ಕೂತು ಅಸಲೆಷ್ಟು, ಬಡ್ಡಿಯೆಷ್ಟು, ಕಂತು ಯಾವಾಗ ಎಂಬುದನ್ನು ಕಾಗದದ ಮೇಲೆ ಬರೆದುಕೊಂಡು, ಕೆಲಸ ಸಿಕ್ಕ ತಿಂಗಳಿನಿಂದ ಇಷ್ಟು ನಾನು ಕಟ್ಟುತ್ತೇನೆ ಎಂದು ಹೇಳಿ. ಮನೆಯಲ್ಲಿ ನಿಮ್ಮ ಮಾತಿನ ತೂಕ ಇದರಿಂದ ಬದಲಾಗುವಷ್ಟು ಬೇರೆ ಯಾವುದರಿಂದಲೂ ಬದಲಾಗದು.

ಹೀಗಾಗಿ ಕೆಲಸದ ಮಾತಿಗೆ ಬರುತ್ತೇನೆ. ಇಂಟರ್‌ವ್ಯೂನಲ್ಲಿ ನೀವು ‘ಜರ್ಮನಿಯಲ್ಲಿ ವಾಲಂಟಿಯರಿಂಗ್ ಮಾಡುತ್ತಿದ್ದೆ’ ಎಂದಿರಬೇಕು. ನಮ್ಮ ಎಚ್‌ಆರ್‌ಗಳ ಕಿವಿಗೆ ಆ ಮಾತು ವಾರಾಂತ್ಯದಲ್ಲಿ ಗಿಡ ನೆಡುವ ಕಾರ್ಯಕ್ರಮದಂತೆ ಕೇಳಿಸುತ್ತದೆ. ನೀವು ಮಾಡಿದ್ದು ಪೂರ್ಣಾವಧಿಯ ಕೆಲಸ, ಹಾಗೆಯೇ ಹೇಳಿ. ಪಾಳಿಯಲ್ಲಿ ದುಡಿದದ್ದು, ಪಾಳಿ ಬದಲಾಗುವಾಗ ಮುಂದಿನವರಿಗೆ ಪ್ರತಿಯೊಬ್ಬರ ಸ್ಥಿತಿಯನ್ನು ಜರ್ಮನ್ ಭಾಷೆಯಲ್ಲಿ ಬಾಯಿಮಾತಿನಲ್ಲಿ ಒಪ್ಪಿಸಿದ್ದು, ಎಷ್ಟು ಕುಡಿದರು ಎಷ್ಟು ತಿಂದರು ಎಂದು ದಾಖಲಿಸಿದ್ದು, ಸಿಟ್ಟಿಗೇಳುವ ರೋಗಿಗಳನ್ನು, ಅಳುವ ಮನೆಯವರನ್ನು ಸಮಾಧಾನಪಡಿಸಿದ್ದು, ಇವೆಲ್ಲ ಯಾವ ಕಚೇರಿಗೂ ಬೇಕಾದ ಗುಣಗಳೇ. ಬಯೋಡೇಟಾದಲ್ಲಿ ಇದನ್ನು ‘ಇತರೆ ಚಟುವಟಿಕೆ’ಯ ಕೆಳಗೆ ಹಾಕದೆ ಅನುಭವದ ಕೆಳಗೆ, ತಿಂಗಳು ವರ್ಷ ಸಮೇತ ಬರೆಯಿರಿ.

ಇದಕ್ಕೆ ದಾಖಲೆ ಬೇಕು. ಸೇವೆ ಮುಗಿದಾಗ ಕೊಡುವ ಪ್ರಮಾಣಪತ್ರವಲ್ಲದೆ, ನಿಮ್ಮ ಕೆಲಸದ ಸ್ವರೂಪ, ಅವಧಿ, ಸಾಮರ್ಥ್ಯ ಮತ್ತು ನಡವಳಿಕೆಯನ್ನು ವಿವರಿಸುವ ‘ತ್ಸೊಯ್ಗ್ನಿಸ್’ ಎಂಬ ಲಿಖಿತ ಯೋಗ್ಯತಾಪತ್ರವನ್ನು ಕೇಳುವ ಹಕ್ಕನ್ನು ಅಲ್ಲಿನ ಕಾನೂನು ಸ್ವಯಂಸೇವಕರಿಗೆ ಕೊಟ್ಟಿದೆ. ಬರುವ ಗಡಿಬಿಡಿಯಲ್ಲಿ ನೀವು ಅದನ್ನು ಕೇಳಿರದಿದ್ದರೆ ಈ ವಾರವೇ ಇಮೇಲ್ ಬರೆಯಿರಿ. ಜವಾಬ್ದಾರಿ ಹೊತ್ತಿದ್ದವರು ಬದಲಾದ ಮೇಲೆ ನಿಮ್ಮ ಬಗ್ಗೆ ಬರೆಯಬಲ್ಲವರು ಅಲ್ಲಿ ಉಳಿದಿರುವುದಿಲ್ಲ. ಈ ಪತ್ರಗಳ ಭಾಷೆಗೆ ಅಲ್ಲಿ ಒಂದು ಒಳಸಂಕೇತವಿದೆ. ‘ಯಾವಾಗಲೂ ನಮಗೆ ಸಂಪೂರ್ಣಾತಿಸಂಪೂರ್ಣ ತೃಪ್ತಿಯಾಗುವಂತೆ’ ಎಂದು ಅತಿಶಯವಾಗಿ ಬರೆದಿದ್ದರೆ ಅದು ಅತ್ಯುತ್ತಮ ದರ್ಜೆ. ಬರಿದೇ ‘ನಮಗೆ ತೃಪ್ತಿಯಾಗುವಂತೆ’ ಎಂದಿದ್ದರೆ, ಓದಲು ಒಳ್ಳೆಯದಾಗಿ ಕಂಡರೂ, ಹೇಗೋ ಪಾಸಾದರು ಎಂದರ್ಥ. ಬೆಂಗಳೂರಿನಲ್ಲಿ ಇದನ್ನು ಓದುವವರಿಗೆ ಈ ಗುಟ್ಟು ತಿಳಿದಿರುವುದಿಲ್ಲವಾದ್ದರಿಂದ ಇಂಗ್ಲಿಷ್ ಅನುವಾದದ ಜೊತೆ ಒಂದು ಸಾಲಿನ ವಿವರಣೆಯನ್ನೂ ಇಡಿ. ಮುಂದೆ ಎಂ.ಎಸ್‌ಸಿ.ಗೋ ಬೇರೆ ಕೋರ್ಸಿಗೋ ಸೇರುವುದಾದರೆ ಕೆಲವು ಕಾಲೇಜುಗಳು ಓದು ನಿಂತ ಅವಧಿಗೆ ನೋಟರಿ ಮಾಡಿಸಿದ ಅಫಿಡವಿಟ್ ಕೇಳುತ್ತವೆ. ಅಲ್ಲಿಯೂ ಇದೇ ಪತ್ರ ಕೆಲಸಕ್ಕೆ ಬರುತ್ತದೆ.

ನಿಮ್ಮ ಕೈಯಲ್ಲಿರುವ ಇನ್ನೊಂದು ಆಸ್ತಿ ಭಾಷೆ, ಅದು ದಿನದಿನಕ್ಕೆ ಕರಗುತ್ತಿದೆ. ನೀವು ಬಿ1 ಪ್ರಮಾಣಪತ್ರ ಹಿಡಿದು ಹೋದಿರಿ, ಒಂದು ವರ್ಷ ಅಲ್ಲಿಯ ಮುದುಕರೊಡನೆ ಮಾತನಾಡಿ ಬಂದ ಮೇಲೆ ನಿಮ್ಮ ಮಾತಿನ ಮಟ್ಟ ಖಂಡಿತ ಅದಕ್ಕಿಂತ ಮೇಲಿದೆ, ಆದರೆ ಕಾಗದದ ಮೇಲೆ ಇನ್ನೂ ಬಿ1 ಎಂದೇ ಇದೆ. ಬೆಂಗಳೂರಿನಲ್ಲಿ ಜರ್ಮನ್ ಕಂಪನಿಗಳಿಗೆ ಬರವಿಲ್ಲ. ನಮ್ಮ ಹಿರಿಯರು ಮೈಕೋ ಎಂದು ಕರೆಯುತ್ತಿದ್ದ ಬಾಷ್‌ನ ಭಾರತೀಯ ಕಂಪನಿ 1951ರಲ್ಲೇ ಹುಟ್ಟಿತು, ಎಸ್‌ಎಪಿ, ಸೀಮೆನ್ಸ್, ಮರ್ಸಿಡಿಸ್ ಬೆಂಜ್ ಇವುಗಳ ದೊಡ್ಡ ಕೇಂದ್ರಗಳು ನಗರದಲ್ಲಿವೆ. ಅಂಥ ಕಡೆಗಳಲ್ಲಿ, ಮತ್ತು ಯುರೋಪಿನ ಗ್ರಾಹಕರಿಗೆ ಸೇವೆ ಕೊಡುವ ಕಚೇರಿಗಳಲ್ಲಿ, ಭಾಷೆ ಬಲ್ಲವರಿಗೆ ಕೆಲಸಗಳಿವೆ, ಆದರೆ ಸಾಮಾನ್ಯವಾಗಿ ಬಿ1ರ ಮುಂದಿನ ಹಂತವಾದ ಬಿ2 ಅಥವಾ ಅದಕ್ಕೂ ಮೇಲಿನ ಮಟ್ಟವನ್ನು ಕೇಳುತ್ತಾರೆ. ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಬಿ2 ಪರೀಕ್ಷೆಗೆ ಹೆಸರು ನೋಂದಾಯಿಸಿ. ಮುಂದೆ ಜರ್ಮನಿಗೆ ಹೋಗುವುದಾದರೂ, ಹೋಗದೆ ಇಲ್ಲೇ ಇರುವುದಾದರೂ ಈ ಹೆಜ್ಜೆ ವ್ಯರ್ಥವಾಗದು.

ನಿಮ್ಮ ಅನುಭವ ಭಾಷೆಗಷ್ಟೇ ಸೀಮಿತವೂ ಅಲ್ಲ. ಮರೆವಿನ ಕಾಯಿಲೆಯವರ ಆರೈಕೆ ನಮ್ಮಲ್ಲಿ ಈಗಷ್ಟೇ ಒಂದು ವೃತ್ತಿಯಾಗಿ ರೂಪುಗೊಳ್ಳುತ್ತಿದೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ಇದೇ ಕೆಲಸದಲ್ಲಿವೆ, ಕೊನೆಯ ದಿನಗಳ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವ ಕರುಣಾಶ್ರಯವಿದೆ. ಇಂಥ ಕಡೆ ಒಂದು ವಾರವಾದರೂ ಹೋಗಿ ಕೆಲಸ ನೋಡಿ ಬನ್ನಿ ಎಂದು ನಾನು ಹೇಳುವುದಕ್ಕೆ ಬೇರೆ ಕಾರಣವಿದೆ. ಜರ್ಮನಿಯಲ್ಲಿ ನಿಮಗೆ ಇಷ್ಟವಾದದ್ದು ಈ ಕೆಲಸವೋ, ಅಥವಾ ಆ ದೇಶದಲ್ಲಿ ನಿಮಗೆ ಸಿಕ್ಕ ಜೀವನವೋ ಎಂಬುದು ಈ ಕೇಂದ್ರಗಳಿಗೆ ಹೋದರೆ ಬೇಗ ಗೊತ್ತಾಗುತ್ತದೆ.

ಹೆಸ್ಸೆನ್‌ನಲ್ಲಿ ನಿಮಗೊಂದು ಕೋಣೆಯಿತ್ತು, ಅದರ ಕೀಲಿ ನಿಮ್ಮ ಜೇಬಿನಲ್ಲಿತ್ತು. ಪಾಳಿ ಮುಗಿದರೆ ಮುಗಿಯಿತು, ಆಮೇಲಿನ ಹೊತ್ತು ನಿಮ್ಮದು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿ ಊರೇ ಮೌನವಾಗಿರುತ್ತಿತ್ತು, ಎಲ್ಲಿಗೆ ಹೊರಟೆ ಎಂದು ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ನಿಮ್ಮ ಕೋಣೆಗೆ ಚಿಲಕವಿದ್ದರೂ ಹಾಕಿದರೆ ಬಾಗಿಲು ಬಡಿಯುತ್ತಾರೆ. ಹೀಗೆ ಮರಳಿ ಬಂದ ಅನೇಕ ಹೆಣ್ಣುಮಕ್ಕಳೊಡನೆ ಮಾತನಾಡಿದ ಮೇಲೆ ನನಗೆ ಅನಿಸಿರುವುದೆಂದರೆ, ಅವರು ಹಂಬಲಿಸುವುದು ಬಹಳ ಸಲ ದೇಶಕ್ಕಾಗಿ ಅಲ್ಲ, ಆ ಕೀಲಿಗಾಗಿ. ಗಂಡುಮಕ್ಕಳು ಮರಳಿದಾಗ ಇದೇ ಮಟ್ಟದ ಉಸಿರುಗಟ್ಟುವಿಕೆ ನಾನು ಕಂಡಿಲ್ಲ. ಅವರ ಕೀಲಿಯನ್ನು ಊರಿನಲ್ಲಿಯೂ ಯಾರೂ ಕಿತ್ತುಕೊಂಡಿರುವುದಿಲ್ಲ. ಆ ಹಂಬಲ ನ್ಯಾಯವಾದದ್ದೇ. ಆದರೆ ಅದನ್ನು ತೀರಿಸಿಕೊಳ್ಳಲು ಏಳು ಸಾವಿರ ಕಿಲೋಮೀಟರ್ ಹೋಗಲೇಬೇಕೆಂದಿಲ್ಲ, ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಒಂದು ಪಿಜಿ ಮತ್ತು ಸ್ವಂತ ಸಂಬಳವೂ ಸಾಕಾದೀತು. ಬರಿದೇ ಇದಕ್ಕಾಗಿ ನರ್ಸಿಂಗಿನಂಥ ಕಠಿಣ ವೃತ್ತಿಯನ್ನು ಹಿಡಿದವರು ಎರಡನೆಯ ಚಳಿಗಾಲದಲ್ಲಿ ಕಂಗಾಲಾಗುತ್ತಾರೆ.

ಮದುವೆಯ ಮಾತನ್ನೂ ಇದರಿಂದ ಬೇರ್ಪಡಿಸಿ. ‘ನಾನು ಜರ್ಮನಿಗೆ ಹೋಗುತ್ತೇನೆ, ಗಂಡು ನೋಡಬೇಡಿ’ ಎಂದರೆ ನಿಮ್ಮ ತಾಯಿಯವರಿಗೆ ಜರ್ಮನಿಯೇ ಶತ್ರುವಾಗುತ್ತದೆ, ಮುಂದೆ ನಿಜವಾಗಿಯೂ ಹೋಗಬೇಕಾದಾಗ ಅವರ ಸಹಾಯ ಸಿಗುವುದಿಲ್ಲ. ಇನ್ನು ಎರಡು ವರ್ಷ ಈ ವಿಷಯ ಬೇಡ, ಸಾಲ ತೀರಿಸುವ ಜವಾಬ್ದಾರಿ ನನ್ನ ಮೇಲಿದೆ ಎಂದು ನೇರವಾಗಿ ಹೇಳಿ. ತಾಯಿಗೆ ಹೇಳಲಾಗದಿದ್ದರೆ ಅವರು ಮಾತು ಕೇಳುವ ಯಾರಾದರೂ ಇರುತ್ತಾರೆ, ಸೋದರಮಾವನೋ ದೊಡ್ಡಮ್ಮನೋ, ಅವರಿಂದ ಹೇಳಿಸಿ.

ಇಷ್ಟೆಲ್ಲ ಮಾಡಲೂ ಮೈಯಲ್ಲಿ ಚೈತನ್ಯ ಬೇಕು. ನಿಮ್ಮ ಪತ್ರದಲ್ಲಿ ಬೇಸರ, ಸಿಟ್ಟು ಕಾಣುತ್ತವೆ, ಅವು ಆರೋಗ್ಯದ ಲಕ್ಷಣಗಳೇ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಕೆಟ್ಟು, ಊಟ ಸೇರದೆ, ಮೊದಲು ಖುಷಿ ಕೊಡುತ್ತಿದ್ದುದು ಯಾವುದೂ ಬೇಡವೆನಿಸಿದರೆ, ಅಥವಾ ಬದುಕೇ ಬೇಡವೆನಿಸಿದರೆ, ಅದನ್ನು ‘ಜರ್ಮನಿಯ ಗುಂಗು’ ಎಂದು ತಳ್ಳಿಹಾಕಬೇಡಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕೊನೆಯದಾಗಿ ಬದಿಗಿಟ್ಟಿದ್ದ ಪ್ರಶ್ನೆ. ಮರಳಿ ಹೋಗುವುದಾದರೆ ನಿಮ್ಮ ಮುಂದಿರುವ ದಾರಿ, 2020ರ ಜನವರಿಯಿಂದ ಅಲ್ಲಿ ಜಾರಿಗೆ ಬಂದ ಮೂರು ವರ್ಷದ ಏಕೀಕೃತ ನರ್ಸಿಂಗ್ ತರಬೇತಿ. ಅದರಲ್ಲಿ 2,100 ಗಂಟೆಗಳ ಪಾಠ, 2,500 ಗಂಟೆಗಳ ಪ್ರಾಯೋಗಿಕ ಕೆಲಸ ಇರುತ್ತದೆ. ವೃದ್ಧರಷ್ಟೇ ಅಲ್ಲ, ಮಕ್ಕಳು, ಶಸ್ತ್ರಚಿಕಿತ್ಸೆಯ ರೋಗಿಗಳು, ಮನೋರೋಗಿಗಳು ಎಲ್ಲರ ನಡುವೆಯೂ ಸರದಿ ಮಾಡಬೇಕು. ಸ್ವಯಂಸೇವೆಯಂತಲ್ಲದೆ ಇದರಲ್ಲಿ ಮೊದಲ ತಿಂಗಳಿನಿಂದಲೇ ವೇತನವಿದೆ. ಸಾರ್ವಜನಿಕ ವಲಯದ ವೇತನ ಒಪ್ಪಂದದಡಿ ಮೊದಲ ವರ್ಷವೇ ತೆರಿಗೆ ಕಡಿತಕ್ಕೆ ಮುಂಚೆ ತಿಂಗಳಿಗೆ 1,300 ಯೂರೋಗಿಂತ ಹೆಚ್ಚು. ಆದರೆ ಬಾಡಿಗೆ, ಊಟ ಈ ಸಲ ನಿಮ್ಮದೇ ಖರ್ಚು. ನೀವು ಕೆಲಸ ಮಾಡಿದ ಸಂಸ್ಥೆಯ ಮೇಲ್ವಿಚಾರಕರು ನಿಮ್ಮನ್ನು ಬಲ್ಲವರಾದ್ದರಿಂದ ಅವರಿಗೇ ಬರೆದು ತರಬೇತಿಯ ಸ್ಥಾನಗಳ ಬಗ್ಗೆ ಕೇಳಬಹುದು. ಮಧ್ಯವರ್ತಿ ಏಜೆನ್ಸಿಗೆ ಲಕ್ಷಗಟ್ಟಲೆ ಸುರಿಯುವ ಅಗತ್ಯ ನಿಮ್ಮಂಥವರಿಗಿಲ್ಲ. ತರಬೇತಿಗಳು ಹೆಚ್ಚಾಗಿ ಏಪ್ರಿಲ್‌ನಲ್ಲಿ, ಇಲ್ಲವೇ ಆಗಸ್ಟ್‌ನಿಂದ ಅಕ್ಟೋಬರ್‌ನೊಳಗೆ ಆರಂಭವಾಗುತ್ತವೆ. ಪಿಯುಸಿ ಅಂಕಪಟ್ಟಿಗೆ ಅಲ್ಲಿನ ರಾಜ್ಯದ ಮಾನ್ಯತೆ, ಭಾಷೆಯ ಪ್ರಮಾಣಪತ್ರ, ಒಪ್ಪಂದ, ವೀಸಾ ಇವೆಲ್ಲಕ್ಕೂ ಹೇಗೂ ಬಹಳ ತಿಂಗಳು ಹಿಡಿಯುತ್ತದೆ. ಆದ್ದರಿಂದ ಬಿ2 ಪರೀಕ್ಷೆಯ ಫಲಿತಾಂಶ ಬರುವವರೆಗೆ ತೀರ್ಮಾನವನ್ನು ಮುಂದೂಡಿದರೆ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಅಷ್ಟರಲ್ಲಿ ಅಜ್ಜಿಯ ರಾತ್ರಿ ಪಾಳಿಯನ್ನು, ಬೆಂಗಳೂರಿನ ಆರೈಕೆ ಕೇಂದ್ರದ ಒಂದು ವಾರವನ್ನು ಮುಗಿಸಿಯೂ ಈ ಕೆಲಸವೇ ಬೇಕು ಎಂದು ನಿಮಗೆ ಅನಿಸಿದರೆ, ಅರ್ಜಿ ಹಾಕಿ.